ಸೊಸೆ ಉಣ್ಣದ ದಿನಗಳು

ಅಗರದಲ್ಲಿ ರೇಷ್ಮೆ ಹುಳ ಮೇಯಿಸೋರು ಈಗ ಕಮ್ಮಿ. ಇರೋರಲ್ಲಿ ಶಿವರತ್ನಮ್ಮನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹುಳ ಮನೆಯಲ್ಲಿದ್ದಾಗ ಹೊರಗಿನೋರು ಹೊಸ್ತಿಲು ದಾಟಕೂಡದು. ಹೆತ್ತ ಮಗ ಮೂರ್ತಿಯನ್ನೇ ಅಂಗಳದಲ್ಲಿ ನಿಲ್ಲಿಸಿ ಕೈಕಾಲು ತೊಳೆಸಿ ಒಳಗೆ ಬಿಡುವ ಹೆಂಗಸು. ಹುಳದ ವಿಷಯದಲ್ಲಿ ಅವಳು ಯಾವತ್ತೂ ಸೋತವಳಲ್ಲ. ಅದೇ ಕೇಡಾಯಿತು ನೋಡಿ.

ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ತಾನಾಗೇ ಎದ್ದು ಮೊದಲಿಗಿಂತ ಜೋರಾಗಿ ಮೇಯುತ್ತೆ.

ಸೊಸೆ ಕೋಮಲ ಅಜ್ಜೀಪುರದವಳು. ಮದುವೆಯಾಗಿ ಬಹಳ ಕಾದ ಮೇಲೆ ಬಸುರಾದಳು. ಮೊದಲ ಸಲ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಾಗ ಶಿವರತ್ನಮ್ಮ ಹಿಗ್ಗಿಹೋಗಿ ಮಾದಪ್ಪನಿಗೆ ಕೈ ಮುಗಿದಳು. ಆಮೇಲೆ ಆ ಓಟ ನಿಲ್ಲಲೇ ಇಲ್ಲ. ಮುದ್ದೆ ಕಂಡರೆ ಓಕರಿಕೆ, ಒಗ್ಗರಣೆ ಚಟಪಟ ಅಂದರೆ ಓಕರಿಕೆ. ಪಕ್ಕದ ಅಂಕಣದಿಂದ ಬರುವ ಹುಳದ ಹಸಿ ವಾಸನೆಯಂತೂ ಅವಳ ಜೀವ ಹಿಂಡಿತು.

"ಅತ್ತೆ, ಕುಡಿದ ನೀರೂ ನಿಲ್ತಾ ಇಲ್ಲ. ಆಸ್ಪತ್ರೆಗೆ ಓಗವ."

"ನಾವ್ಯಾರೂ ಬಸುರಾಗ್ನಿಲ್ವಾ? ಹುಳ ಜ್ವರಕ್ಕೆ ಕೂತಂಗೆ ಕಣವ್ವ ಇದು. ಬಲವಂತ ಮಾಡ್ಬಾರ್ದು. ಸುಮ್ನೆ ಮನಿಕೊ, ತಾನಾಗೇ ಎದ್ದೇಳ್ತೀಯ."

ಮೂರ್ತಿ ಏನೋ ಹೇಳೋಕೆ ಬಂದ. "ಹೆಂಗಸ್ರ ವಿಸ್ಯ ನಿನಗೇನ್ಲಾ ಗೊತ್ತು?" ಅಂತ ಅವ್ವ ಗದರಿದಳು. ಅವನೂ ತಲೆ ಬಗ್ಗಿಸಿ ಸೊಪ್ಪು ಕೊಯ್ಯೋಕೆ ಹೊರಟುಹೋದ. ಅಂಥ ಗಂಡಸಿಗೆ ಏನು ಹೇಳೋದು!

ಹುಳ ಕಡೇ ಜ್ವರದಲ್ಲಿದ್ದಾಗ ಊರಿನ ಆಶಾ ಕಾರ್ಯಕರ್ತೆ ಗುರುಸಿದ್ದಮ್ಮ ಬಂದಳು. ಶಿವರತ್ನಮ್ಮ ಬಾಗಿಲಿಗೆ ಅಡ್ಡ ನಿಂತಳು. ಗುರುಸಿದ್ದಮ್ಮ ಹೊರಗಿನಿಂದಲೇ ಕೂಗಿದಳು: "ಕೋಮಲ, ಒಂದಕ್ಕಾದ್ರೂ ಸರಿಯಾಗಿ ಓಯ್ತಾ ಇದ್ದೀಯೇನವ್ವ?" "ಮನಗವ್ಳೆ, ಎಬ್ಬುಸ್ಬ್ಯಾಡ ಓಗು" ಅಂದಳು ಶಿವರತ್ನಮ್ಮ.

ಹುಳ ಜ್ವರದಿಂದ ಎದ್ದವು. ಮನೆ ತುಂಬ ಸೊಪ್ಪು ಮೇಯುವ ಸರಸರ ಸದ್ದು. ಕೋಮಲ ಮಾತ್ರ ಏಳಲಿಲ್ಲ. ತುಟಿ ಒಡೆದು, ಕಣ್ಣು ಗುಳಿಬಿದ್ದು, ಬಳೆ ಮೊಣಕೈವರೆಗೂ ಜಾರುತ್ತಿದ್ದವು. ಒಂದು ಬೆಳಿಗ್ಗೆ ಗೋಡೆ ಹಿಡಿದು ಹೊರಟವಳು ಕುಡಿದವರ ಹಾಗೆ ತೂರಾಡಿ ನಿಂತಳು.

"ಅತ್ತೆ, ನೀವ್ಯಾಕೆ ಇಬ್ರಿಬ್ರು ನಿಂತಿದ್ದೀರಿ?"

ಶಿವರತ್ನಮ್ಮನ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಜ್ವರ ಕಳೆದರೂ ಏಳದ ಹುಳ ಎಂಥದ್ದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ರೋಗದ ಹುಳವನ್ನು ಆಯ್ದು ಆಯ್ದು ಅವಳೇ ಸುಣ್ಣದ ಗುಂಡಿಗೆ ಹಾಕುತ್ತಿದ್ದಳು. "ಲೋ ಮೂರ್ತಿ, ಆಟೋ ತಕಂಡು ಬಾರ್ಲಾ!" ಅಂತ ಕಿರುಚಿದಳು. ಹಸಿದ ಹುಳಗಳನ್ನು ಹಾಗೇ ಬಿಟ್ಟು ಮೂವರೂ ಕೊಳ್ಳೇಗಾಲಕ್ಕೆ ಹೊರಟರು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಶಿವರತ್ನಮ್ಮನಿಗೆ ಇಷ್ಟು ಭಯ ಆಗುತ್ತಿರಲಿಲ್ಲ.

"ಬಸುರಿಗೆ ವಾಂತಿ ಸಹಜ. ಇದು ಸಹಜ ಅಲ್ಲ, ಕಾಯಿಲೆ. ಬೇಗ ಬಂದಿದ್ರೆ ಡ್ರಿಪ್ಪು, ಮಾತ್ರೇಲಿ ಹತೋಟಿಗೆ ತರಬಹುದಿತ್ತು. ಹೊಟ್ಟೆಗಿಲ್ಲದೆ ವಿಟಮಿನ್ ಬತ್ತಿ ಮಿದುಳಿಗೇ ಏಟು ಬಿದ್ದಿದೆ, ಒಂದು ಎರಡಾಗಿ ಕಾಣೋದು ಅದಕ್ಕೇ. ಇಂಜೆಕ್ಷನ್ ಕೊಡ್ತಾ ಇದ್ದೀವಿ."

ಇಂಜೆಕ್ಷನ್ನಿಗೆ ಕೋಮಲಳ ಮಂಪರು ಕಳೆದು ಮಾತು ನೆಟ್ಟಗಾಯಿತು. ವಾಂತಿ ನಿಲ್ಲಲಿಲ್ಲ. ಮತ್ತೆ ಬಂದ ಡಾಕ್ಟರಮ್ಮ ಮಂಚದ ಪಕ್ಕ ಕೂತರು. ಇನ್ನೂ ದೊಡ್ಡ ಆಸ್ಪತ್ರೆಯಲ್ಲಿಟ್ಟು ಬಸುರು ಉಳಿಸಿಕೊಳ್ಳೋಕೆ ನೋಡಬಹುದು, ಆದರೆ ತಾಯಿ ಜೀವಕ್ಕೆ ಭರವಸೆ ಕೊಡೋಕಾಗಲ್ಲ. ತೆಗೆಸಿದರೆ ವಾಂತಿ ನಿಲ್ಲುತ್ತೆ ಅಂದರು. ಮೂರ್ತಿ ಅವ್ವನ ಮುಖ ನೋಡಿದ. "ಅವರನ್ನಲ್ಲ, ಇವಳನ್ನ ಕೇಳ್ತಾ ಇದ್ದೀನಿ" ಅಂದರು ಡಾಕ್ಟರಮ್ಮ.

ಕೋಮಲ ಸೂರು ನೋಡುತ್ತಾ ಅಂದಳು: "ಎಷ್ಟು ಹರಕೆ ಕಟ್ಕಂಡಿದ್ದೆ... ಆದ್ರೆ ನಾನು ಸಾಯಕಿಲ್ಲ. ತೆಗೆದುಬುಡಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಬೈಯಕಿಲ್ವಾ ಅತ್ತೆ?"

"ಇಲ್ಲ ಕಣ್ ಮಗ" ಅಂದಳು ಶಿವರತ್ನಮ್ಮ.

ಬಸುರು ತೆಗೆಸಿ ಮನೆಗೆ ಬಂದಾಗ ಹುಳ ಅರ್ಧಕ್ಕರ್ಧ ಸತ್ತಿದ್ದವು. ಶಿವರತ್ನಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿ ಅನ್ನ, ತಿಳಿ ಸಾರು ಮಾಡಿ ಸೊಸೆಯ ಮುಂದಿಟ್ಟಳು. ಕೋಮಲ ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಅಬ್ಬಾ, ಅಂತೂ ಉಂಡಳಲ್ಲ ಅಂತ ಅತ್ತೆಯ ಜೀವಕ್ಕೆ ಸಮಾಧಾನ. ಮಗು ಹೋದದ್ದಕ್ಕೇ ಅನ್ನ ಸೇರುತ್ತಿದೆ ಅಂತ ನೆನೆದು ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಅತ್ತೆ, ಇನ್ನೊಂದು ಚೂರು ಇಕ್ಕಿ."

ಅವಸರವಾಗಿ ಇಕ್ಕಿದಳು. ಕೋಮಲ ಕೈ ಚಾಚಿದಳು. ಕೈ ತಟ್ಟೆ ದಾಟಿ ಬರೀ ಚಾಪೆಯ ಮೇಲೆ ಹೋಗಿ ತಡಕಾಡಿತು. ಶಿವರತ್ನಮ್ಮ ಆ ಕೈ ಹಿಡಿದು ಮೆಲ್ಲಗೆ ಅನ್ನದ ಮೇಲೆ ಇಟ್ಟಳು.

"ಇಲ್ಲಿ ಅದ ಕಣ್ ಮಗ, ಇಲ್ಲಿ."

"ತಟ್ಟೆ ಇನ್ನೂ ಎರಡೆರಡಾಗೇ ಕಾಣ್ತದ ಅತ್ತೆ" ಅಂದು ಕೋಮಲ ಉಣ್ಣತೊಡಗಿದಳು.