ಮದಗದ ಕೆರೆಯ ಮೇಡಂ

ಮಾಸೂರಿನ ಶೈಲಶ್ರೀ ಹದಿನೇಳನೆಯ ವಯಸ್ಸಿನಲ್ಲಿ ಗೊಟಗೋಡಿಗೆ ಹೋಗಿ ಮೂರು ದಿನದ ಪಕ್ಷಿ ಶಿಬಿರ ಮುಗಿಸಿ ಬಂದಳು. ಶಿಬಿರ ನಡೆಸಿದ ಸಂಸ್ಥೆಯವರು ಅವಳ ಕೈಗೆ ಒಂದು ದುರ್ಬೀನು ಕೊಟ್ಟು, ನಿನ್ನ ಓರಗೆಯವರಿಗೆ ನೀನೇ ತೋರಿಸು ಎಂದಿದ್ದರು. ಹಿರೇಕೆರೂರಿನಲ್ಲಿ ಅವಳ ಜೊತೆ ಪಿಯುಸಿ ಓದುತ್ತಿದ್ದ ಹನ್ನೆರಡು ಮಂದಿ ಆ ಮಳೆಗಾಲದ ಭಾನುವಾರಗಳಲ್ಲಿ ಅವಳ ಹಿಂದೆ ಮದಗದ ಕೆರೆ ದಂಡೆಗೆ ಬಂದರು. ತರಗತಿಯಲ್ಲಿ ಬಾಯಿ ಬಿಡದವಳು ದಂಡೆ ಹತ್ತಿದರೆ ಬೇರೆಯೇ ಹುಡುಗಿ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಅದರೊಳಗಿನ ಕುಚೋದ್ಯ ಅವಳಿಗೆ ಕೇಳಿಸಲಿಲ್ಲ.

ಹೆಚ್ಚು ಪ್ರಶ್ನೆ ಕೇಳುತ್ತಿದ್ದವನು ಪ್ರಭು. ಶೈಲಶ್ರೀಯ ಅವ್ವ ಮಾದೇವಿ ಕಳೆ ತೆಗೆಯಲು ಹೋಗುತ್ತಿದ್ದುದು ಅವನ ಅಪ್ಪನ ಹೊಲಕ್ಕೇ.

"ಆ ನೀಲಿ ಜಂಬುಕೋಳಿ ಗೂಡು ಎಲ್ಲಿ ಕಟ್ತಾವ?"

"ಜೊಂಡಿನಾಗ. ಹಳೇ ತೂಬಿನ ಹಿಂದ ನಾಕ ಗೂಡ ಅದಾವ."

"ಸಂಜೀಕ ಯಾವ ಕಡಿಂದ ಒಳಗ ಹೋಗ್ತಾವ?"

ಅದನ್ನೂ ತೋರಿಸಿದಳು. ಪ್ರಭು ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡ. ಇಂಥ ಶ್ರದ್ಧೆಯವನು ತನ್ನ ತಂಡದಲ್ಲಿದ್ದಾನೆ ಎಂದು ಅವಳು ವಾರವಿಡೀ ಹಿಗ್ಗಿದಳು. ಮಾದೇವಿ ಮಾತ್ರ, "ಅವ್ರ ಮುಂದ ಭಾಳ ಹಲ್ಲ ಕಿಸೀಬ್ಯಾಡ," ಎಂದಳು.

ಮುಂದಿನ ಭಾನುವಾರ ಪ್ರಭು ತಂಡವನ್ನೆಲ್ಲ ಕೆರೆ ಪಕ್ಕದ ತನ್ನ ಹೊಲದ ಮನೆಗೆ ಊಟಕ್ಕೆ ಕರೆದ. ಆ ಮನೆಯವರು ಮಾದೇವಿಗೆ ಅನ್ನ ಹಾಕಿದರೆ ಬದುವಿನ ಮೇಲೆ, ಎತ್ತರದಿಂದ ಹಾಕುತ್ತಿದ್ದರು. ಮಗ ಇವಳನ್ನು ಸಾಲಿನಲ್ಲಿ ಕೂರಿಸಿ ಮೊದಲು ಇವಳಿಗೇ ಬಡಿಸಿದ. ಎರಡನೆಯ ರೊಟ್ಟಿ ಮುರಿಯುತ್ತ ಅವಳು ಕೇಳಿದಳು: "ಜವಾರಿ ಕೋಳಿ ಏನು?"

"ಅಲ್ರಿ ಮೇಡಂ, ನೀವ ಕಲಿಸಿದ ಕೋಳಿ."

ಒಬ್ಬ ಚೀಲ ತಂದು ಅವಳ ತಾಟಿನ ಪಕ್ಕ ಸುರಿದ. ನೀಲಿ ಪುಕ್ಕ, ಉದ್ದ ಬೆರಳಿನ ಕೆಂಪು ಕಾಲುಗಳು. ಎದುರಿಗಿದ್ದವನು ಆಗಲೇ ಮೊಬೈಲನ್ನು ಅವಳ ಮುಖಕ್ಕೆ ಹಿಡಿದಿದ್ದ. ಬಾಯಲ್ಲಿದ್ದುದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ಎಷ್ಟ ಮಾರ್ಕ್ಸ್ ಕೊಡ್ತೀರಿ ಮೇಡಂ?" ಎಂದು ಯಾರೋ ಕೇಳಿದರು. ಹುಡುಗಿಯರೂ ನಕ್ಕರು.

ಎಂಜಲು ಕೈಯಲ್ಲೇ ಅವಳು ತೂಬಿನತ್ತ ಓಡಿದಳು. ಜೊಂಡು ನೆಲಕಚ್ಚಿತ್ತು. ತುಳಿದ ಗೂಡಿನ ಬದಿಯಿಂದ ಮೂರು ಕರಿ ಮರಿಗಳು ಹೊರಬಿದ್ದು ಕೂಗುತ್ತಿದ್ದವು. ಮರಿ ಮುಟ್ಟಬಾರದೆಂದು ಶಿಬಿರದಲ್ಲಿ ಕಲಿಸಿದ್ದರು. ಅವಳೂ ಎಲ್ಲರಿಗೆ ಅದನ್ನೇ ಕಲಿಸಿದ್ದಳು. ದೂರ ನಿಂತು ದುರ್ಬೀನಿನಲ್ಲಿ ನೋಡಿದಳು. ಕಾಗೆ ಬಂದು ಒಂದನ್ನು ಎತ್ತಿಕೊಂಡು ಹೋಯಿತು. ಅವಳು ಹೆಂಟೆ ಎಸೆದಳು. ಕಾಗೆ ಜಾಲಿಗಿಡದ ಮೇಲೆ ಕೂತು ತಿಂದು, ಮತ್ತೆ ಬಂತು. ಆಮೇಲೆ ಅವಳು ನೀರಿಗಿಳಿದಳು, ಆದರೆ ಎದೆಮಟ್ಟ ಕೆಸರಿನಲ್ಲಿ ಅವಳು ತಲುಪುವಷ್ಟರಲ್ಲಿ ಮೂರನೆಯದೂ ಇರಲಿಲ್ಲ.

ಊರೆಲ್ಲ ಹರಿದಾಡಿದ ವಿಡಿಯೋದಲ್ಲಿ ನೀಲಿ ಪುಕ್ಕದ ಪಕ್ಕ ಅವಳು ತಿನ್ನುವುದಷ್ಟೇ ಇತ್ತು. ಸಂಸ್ಥೆಯವರು ಜೀಪಿನಲ್ಲಿ ಅವಳ ಮನೆಗೇ ಬಂದರು.

"ಜಾಗ ತೋರಿಸಿದ್ದು ನೀನೇನಾ?"

"ಹೌದ್ರಿ."

"ತಿಂದಿದ್ದು?"

ಅವಳು ಬಾಗಿಲಲ್ಲಿ ನಿಂತ ಅವ್ವನ ಕಡೆ ನೋಡಿದಳು. ಮಾದೇವಿ ಮರುದಿನವೂ ಅದೇ ಹೊಲಕ್ಕೆ ಹೋಗಬೇಕಿತ್ತು. ಯಾರ ಹೆಸರೂ ಹೇಳಬೇಡವೆಂದು ಅವ್ವ ತಲೆ ಅಲ್ಲಾಡಿಸಿದ್ದು ಬೇರೆ ಯಾರಿಗೂ ಕಾಣಲಿಲ್ಲ.

"ಹೌದ್ರಿ," ಎಂದಳು ಶೈಲಶ್ರೀ. ಅವರು ಮತ್ತೇನೂ ಕೇಳದೆ ದುರ್ಬೀನು ತೆಗೆದುಕೊಂಡು ಹೋದರು.

ತಂಡ ನಿಲ್ಲಬಾರದಲ್ಲ. ಯಾರ ಹತ್ತಿರ ಟಿಪ್ಪಣಿ ಇದೆ ಎಂದು ಸಂಸ್ಥೆಯವರು ಕಾಲೇಜಿನಲ್ಲಿ ವಿಚಾರಿಸಿದಾಗ ಪ್ರಭು ತನ್ನ ಪುಸ್ತಕ ತೋರಿಸಿದ. ಇಷ್ಟು ಚೊಕ್ಕವಾಗಿ ಯಾರೂ ಬರೆದಿಲ್ಲ ಎಂದು ಹೊಗಳಿ ಅವನನ್ನೇ ಮುಂದಾಳು ಮಾಡಿದರು.

ಶೈಲಶ್ರೀ ಕಾಲೇಜು ಬಿಟ್ಟಳು. ಈಗ ಅವಳು ಹಿರೇಕೆರೂರಿನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಾಳೆ. ಮೊನ್ನೆ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಮಾದೇವಿ ಹೊಲದಿಂದ ಬಂದು, ಕಾಲು ತೊಳೆದು, ಒಲೆಯ ಮುಂದೆ ಕುಳಿತಳು.

"ಇವತ್ತ ಪ್ರಭು ಹುಡುಗ್ರನ್ನ ಕರಕೊಂಡ ಬದುವಿನ ಮ್ಯಾಲ ಬಂದಿದ್ದ ನೋಡವಾ. ಹಕ್ಕಿ ಹೆಸರ ಹೇಳಾಕತ್ತಿದ್ದ. ಅಂವ ಹೇಳಿದ್ರ ನಮಗೂ ತಿಳೀತೈತಿ. ನೀ ಹೇಳೂದು ಒಂದೂ ತಿಳೀತಿದ್ದಿಲ್ಲ."

ಶೈಲಶ್ರೀ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.