ಬಂದೂಕಿನ ತವರು

ಮುದಕಪ್ಪ ನವಲಗುಂದದವನು. ಫೌಜಿನಲ್ಲಿದ್ದಷ್ಟು ಕಾಲ ಬಂದೂಕು ರಿಪೇರಿಯೇ ಅವನ ಕಸುಬು. ನಿವೃತ್ತನಾದ ಮೇಲೆ ಕುವೈತಿಗೆ ಬಂದು, ರಿಫೈನರಿಯಲ್ಲಿ ಫಿಟ್ಟರ್ ಆಗಿ ಮಂಗಫ್‌ನಲ್ಲಿ ಮನೆ ಮಾಡಿದ. ಈಗ ಪಂಪು, ವಾಲ್ವುಗಳೇ ಬದುಕು. ಆದರೂ ಹಳೆಯ ಬಂದೂಕು ಕಂಡರೆ ಬೀಗರನ್ನು ಕಂಡವನಂತೆ ಮುಖ ಅರಳುತ್ತಿತ್ತು.

ಇದು ರಿಫೈನರಿಯಲ್ಲಿ ಅವನ ಹಳೆಯ ಮೇಲಧಿಕಾರಿಯಾಗಿದ್ದ ಅಬು ನಾಸರ್ ಅವರಿಗೆ ಗೊತ್ತಿತ್ತು. ಒಂದು ಶುಕ್ರವಾರ ಮನೆಗೆ ಕರೆಸಿಕೊಂಡರು. ಅವರ ತಂದೆಯ ಬಂದೂಕೊಂದಿತ್ತು. ಗುಂಡು ಹಾರದಂತೆ ನಳಿಗೆ ಮುಚ್ಚಿಸಿದ್ದರು. ಮದುವೆಗಳಲ್ಲಿ ಗಂಡಸರು ಸಾಲಾಗಿ ಕುಣಿಯುವ ಅರ್ದಾಕ್ಕೆ ಮಾತ್ರ ಅದು ಹೊರಬರುತ್ತಿತ್ತು. ಈಗ ಮೊಮ್ಮಗನ ಮದುವೆ ಹತ್ತಿರ ಬಂದಿತ್ತು, ನಳಿಗೆಯ ಕೆಳಗಿನ ಕಟ್ಟಿಗೆ ನೋಡಿದರೆ ಸೀಳಿಹೋಗಿತ್ತು. ಅದಕ್ಕಾಗಿ ಎಲ್ಲಿಂದಲೋ ಒಂದು ಪೆಟ್ಟಿಗೆ ಹಳೆಯ ಬಿಡಿಭಾಗ ತರಿಸಿದ್ದರು.

ಮುಂಬೈ ಜೊತೆ ವ್ಯಾಪಾರ ಮಾಡಿದ ಮನೆತನ. ಅಬು ನಾಸರ್‌ಗೆ ಹಿಂದೂಸ್ತಾನಿ ಸಲೀಸು. "ಮುದಕಪ್ಪ ಭಾಯಿ, ಬಂದೂಕು ಹುಟ್ಟಿದ ದೇಶದ್ದೇ ಕಟ್ಟಿಗೆ ಬೇಕು. ನಮ್ಮಪ್ಪ ನೋಡಿದ್ದರೂ ಒಪ್ಪುವಂತಿರಬೇಕು" ಎಂದರು.

ಮುದಕಪ್ಪ ಬಂದೂಕಿನ ಉಕ್ಕಿನ ಪಟ್ಟಿಯನ್ನು ಎಣ್ಣೆಬಟ್ಟೆಯಿಂದ ತಿಕ್ಕಿದ. ಲಿತ್ಗೋ ಎಂಬ ಅಕ್ಷರಗಳು ಎದ್ದುಬಂದವು. ಆಸ್ಟ್ರೇಲಿಯಾದ ಕಾರ್ಖಾನೆಯದ್ದು! ಆದರೆ ಪೆಟ್ಟಿಗೆಯಲ್ಲಿದ್ದ ಒಂದು ಕಟ್ಟಿಗೆಯ ಮೇಲೆ 'ಆರ್ ಎಫ್ ಐ' ಎಂದಿತ್ತು. ಅದು ಬಂಗಾಳದ ಈಶಾಪುರದ ಗುರುತು, ಅವನು ಬೆರಳಾಡಿಸಿಯೇ ಹೇಳಬಲ್ಲ. ಇನ್ನೊಂದರ ಮೇಲೆ 'ಎಸ್ ಎಲ್ ಎ ಝಡ್'. ಇದನ್ನು ಅವನು ಕಂಡೇ ಇರಲಿಲ್ಲ. ಅಬು ನಾಸರ್‌ಗೂ ಬಗೆಹರಿಯಲಿಲ್ಲ. ಮುದಕಪ್ಪ ಫೋನಿನಲ್ಲಿ ಅದರ ಫೋಟೊ ಹಿಡಿದುಕೊಂಡು ಮನೆಗೆ ಬಂದ.

ಹೆಂಡತಿ ಅನ್ನಪೂರ್ಣೆವ್ವ ರೊಟ್ಟಿ ಬಡಿಯುತ್ತಿದ್ದಳು.

"ನೋಡಿಲ್ಲೆ, ಇದ್ಯಾವ ದೇಶದ ಗುರ್ತೋ ತಿಳೀವಲ್ದು."

ಅವಳು ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. "ಅಯ್ಯ, ಇದು ನಮ್ಮ ಶೈಲಾನ ಟೆನಿಸ್ ಬ್ಯಾಟಿನ ಚೀಲದ ಮ್ಯಾಲಿನ ಹೆಸರಿನ ಮೊದಲಿನ ಅಕ್ಷರ ಅಲ್ಲೇನ್ರೀ? ಜಿಪ್ ಹೊಲಿಯೂಮುಂದ ಆ ಅಕ್ಷರದಾಗs ನನ್ನ ಸೂಜಿ ಮುರೀತು."

"ಬ್ಯಾಟ್ ಮಾಡಾವ್ರು ಬಂದೂಕು ಮಾಡ್ತಾರೇನು? ಸುಮ್ನಿರು."

"ಯಾಕ ಮಾಡಬಾರ್ದು? ನಮ್ಮೂರ ಬಡಿಗ್ಯಾರು ತೊಟ್ಟಿಲಾನೂ ಮಾಡ್ತಾರ, ಹೊಲಾ ಹರಗೂ ಕುಂಟಿನೂ ಮಾಡ್ತಾರ!"

ಒಳಗಿದ್ದ ಮಗಳು ಶೈಲಾ ಇಂಟರ್‌ನೆಟ್ಟಿನಲ್ಲಿ ಹುಡುಕಿ ನೋಡಿ ಕಿರುಚಿದಳು: "ಅಪ್ಪಾ, ಅಮ್ಮ ಈಸ್ ರೈಟ್!" ಮಹಾಯುದ್ಧದ ಕಾಲಕ್ಕೆ ಟೆನಿಸ್ ಬ್ಯಾಟು ಮಾಡುವ ಸ್ಲಾಜೆಂಜರ್ ಕಂಪನಿಯ ಆಸ್ಟ್ರೇಲಿಯಾದ ಶಾಖೆಯೇ ಲಿತ್ಗೋ ಬಂದೂಕುಗಳಿಗೆ ಕಟ್ಟಿಗೆ ಮಾಡಿಕೊಟ್ಟಿತ್ತು. ಮುದಕಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಸುದ್ದಿ ಕೇಳಿದ ಅಬು ನಾಸರ್ ಫೋನಿನಲ್ಲೇ "ಟೆನಿಸ್? ವಲ್ಲಾ!" ಎಂದು ಕೂಗಿ, ಮನೆಮಂದಿಯೆಲ್ಲ ಮದುವೆಗೆ ಬರಲೇಬೇಕೆಂದು ಹಟ ಹಿಡಿದರು.

ಆ ಸ್ಲಾಜೆಂಜರ್ ಕಟ್ಟಿಗೆಯನ್ನು ಒಂದಿಷ್ಟು ಹೆರೆದದ್ದೇ ತಡ, ನಳಿಗೆಯ ಕೆಳಗೆ ಗಪ್ಪನೆ ಕೂತಿತು.

ಮದುವೆಯ ದಿನ ಡೋಲು ಶುರುವಾಯಿತು. ಬಂದೂಕು ಹೆಗಲಿಗೇರಿಸಿದ ಅಬು ನಾಸರ್ "ಯಲ್ಲಾ!" ಎಂದು ಮುದಕಪ್ಪನನ್ನು ಸಾಲಿಗೆ ಎಳೆದುಕೊಂಡರು. ಎಲ್ಲರೂ ಬಲಕ್ಕೆ ಬಾಗಿದರೆ ಅವನು ಎಡಕ್ಕೆ ಬಾಗುತ್ತಿದ್ದ. ಪಕ್ಕದವರು ನಕ್ಕರು, ಅವನೂ ನಕ್ಕ, ಕುಣಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅತ್ತ ಹೆಂಗಸರ ಸಭಾಂಗಣದಲ್ಲಿ ಅನ್ನಪೂರ್ಣೆವ್ವ ಸೂಜಿ ಮುರಿದ ಕಥೆ ಹೇಳುತ್ತಿದ್ದಳು. ಶೈಲಾ ಇಂಗ್ಲಿಷಿಗೆ ದಾಟಿಸುವಷ್ಟರಲ್ಲೇ ಅಲ್ಲಿ ನಗೆ ಏಳುತ್ತಿತ್ತು.