ನೂರ ಹದಿನಾಲ್ಕನೆಯ ಚೀಟಿ

ಅವಳಿಗೆ ಕಿವಿಯಕ್ಕ ಎಂಬ ಹೆಸರಿಟ್ಟದ್ದು ಕಚೇರಿಯವರು. ಟಿವಿ ವಾಹಿನಿಯ ಕಟ್ಟಡದ ಎರಡನೇ ಮಹಡಿಯಲ್ಲಿ, ಕ್ಯಾಂಟೀನಿಗೂ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಗೂ ನಡುವೆ ಒಂದು ಕಿರುಕೋಣೆ ಇದೆ. ಬಾಗಿಲ ಮೇಲೆ 'ವೀಕ್ಷಕರ ಅಭಿಪ್ರಾಯ' ಎಂಬ ಹಲಗೆ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಕೂತು ಜನರ ಫೋನು ಎತ್ತುತ್ತಿದ್ದಾಳೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕಂಡಕಂಡವರೆಲ್ಲ ಅವಳ ಎಡಗಿವಿಗೆ ಬಯ್ಯುತ್ತಾರೆ. ಬಲಗಿವಿಯನ್ನು ಮನೆಗೆಂದು ಉಳಿಸಿಕೊಂಡಿದ್ದೇನೆ ಎಂದು ಅವಳು ತಮಾಷೆ ಮಾಡುವುದುಂಟು. ನಿಜ ಹೇಳಬೇಕೆಂದರೆ ಮನೆಯಲ್ಲಿ ಆ ಕಿವಿಗೆ ಹೆಚ್ಚು ಕೆಲಸವಿರಲಿಲ್ಲ.

ಕೆಲಸ ಸುಲಭ. ಒಂದೊಂದು ಕರೆಗೂ ಒಂದೊಂದು ಚೀಟಿ. ಚೀಟಿಯಲ್ಲಿ ಮೂರು ಚೌಕ: ಹೊಗಳಿಕೆ, ತೆಗಳಿಕೆ, ಸಲಹೆ. ಒಂದಕ್ಕೆ ಗುರುತು ಹಾಕಿ, ಕೆಳಗೆ ಎರಡು ಸಾಲು ಬರೆಯಬೇಕು. ಅವಳು ಕರೆ ಮಾಡಿದವರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತಿದ್ದಳು. ಮೇಲಿನವರು ಓದುತ್ತಿದ್ದದ್ದು ಬರೀ ಲೆಕ್ಕವನ್ನು, ಆದರೂ ಅವಳು ಬರೆಯುತ್ತಿದ್ದಳು. ಇದ್ದದ್ದು ಒಂದೇ ನಿಯಮ, ಅದನ್ನು ವಿಭಾಗದ ಮುಖ್ಯಸ್ಥರು ಮೊದಲ ದಿನವೇ ಹೇಳಿದ್ದರು. ಅಭಿಪ್ರಾಯ ಬರೆದುಕೊಳ್ಳುವವರಿಗೆ ಸ್ವಂತ ಅಭಿಪ್ರಾಯ ಇರಬಾರದು. ಇಪ್ಪತ್ತೆರಡು ವರ್ಷದಲ್ಲಿ ಅವಳು ತನ್ನದೆಂದು ಒಂದು ಚೀಟಿಯನ್ನೂ ಬರೆದಿರಲಿಲ್ಲ.

ಈ ವರ್ಷ ಬಂತು ನೋಡಿ, ಆ ಧಾರಾವಾಹಿ. ಒಂದು ದಪ್ಪ ಕಾದಂಬರಿಯಿಂದ ತೆಗೆದ ಕೊಲೆಯ ಕಥೆ, ಪ್ರತಿ ಮಂಗಳವಾರ ಪ್ರಸಾರ. ಮೊದಲ ಕಂತಿನಲ್ಲೇ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ, ಆಮೇಲೆ ಎಲ್ಲರೂ ಕತ್ತಲಲ್ಲೇ ಓಡಾಡುತ್ತಾರೆ. ಪ್ರತಿ ಬುಧವಾರ ಬೆಳಿಗ್ಗೆ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಟಿವಿ ರಿಪೇರಿಯವನೊಬ್ಬ ಕರೆ ಮಾಡಿ, ನಿಮ್ಮ ದೆಸೆಯಿಂದ ಆರು ಮನೆ ಹತ್ತಿಳಿದೆ, ಆರರಲ್ಲೂ ಟಿವಿ ಸರಿಯಾಗೇ ಇದೆ, ಇನ್ನಾದರೂ ಒಂದು ದೀಪ ಹಚ್ಚಿ ಎಂದು ಗೋಗರೆದ. ಪತ್ತೇದಾರ ಮೂರು ಕಂತಿನಿಂದ ಒಂದು ತುತ್ತೂ ತಿಂದಿಲ್ಲ, ಹೊಟ್ಟೆಗಿಲ್ಲದವನಿಗೆ ಕೊಲೆಗಾರ ಹೇಗೆ ಸಿಕ್ಕಾನು ಎಂದು ಒಬ್ಬ ಅಜ್ಜಿ ಮರುಗಿದಳು. ನಿವೃತ್ತ ಮೇಷ್ಟ್ರೊಬ್ಬರಂತೂ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಫೋನು ಹಚ್ಚುತ್ತಿದ್ದರು. ಪುಟಸಂಖ್ಯೆ ಸಮೇತ ತಪ್ಪು ಹಿಡಿಯುತ್ತಿದ್ದರು. ಅವರಿಗೆಂದೇ ಅವಳು ಚೀಟಿಯ ಹಿಂಬದಿಯನ್ನೂ ಬಳಸಬೇಕಾಗುತ್ತಿತ್ತು.

ನಾಲ್ಕನೇ ಕಂತಿನ ಮರುದಿನ ಮಾತ್ರ ಎಲ್ಲರೂ ಒಂದೇ ರಾಗ ಹಾಡಿದರು. ಆ ಕಂತಿನಲ್ಲಿ ಹುಡುಗಿಯ ಹೆಣ ಸಿಗುತ್ತದೆ. ಪೊಲೀಸರು ಮನೆಗೆ ಬಂದು ತಾಯಿಗೆ ಸುದ್ದಿ ಮುಟ್ಟಿಸುತ್ತಾರೆ. ಆಕೆ ಕೇಳಿಸಿಕೊಳ್ಳುತ್ತಾಳೆ, ತಲೆಯಾಡಿಸುತ್ತಾಳೆ, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗುತ್ತಾಳೆ. ಒಂದು ಹನಿ ಕಣ್ಣೀರಿಲ್ಲ. ಇದೆಂಥ ತಾಯಿ ಎಂದು ಜನ ಉರಿದುಬಿದ್ದರು. ಬಸ್ ಕಂಡಕ್ಟರ್ ಒಬ್ಬ, ನಮ್ಮ ಮನೆ ಬೆಕ್ಕು ಮರಿ ಸತ್ತಾಗ ಇದಕ್ಕಿಂತ ಹೆಚ್ಚು ಅತ್ತಿತ್ತು ಎಂದ. ಮೇಷ್ಟ್ರು ಕಾದಂಬರಿಯ ಎಂಬತ್ತೆಂಟನೇ ಪುಟ ತೆಗೆದು, ಇಲ್ಲಿ ತಾಯಿ ಎದೆ ಬಡಿದುಕೊಂಡು ಪ್ರಜ್ಞೆ ತಪ್ಪಿ ಬೀಳುತ್ತಾಳೆ, ಪಾತ್ರೆಗೀತ್ರೆ ಏನೂ ಇಲ್ಲ, ಟಿವಿಯವರಿಗೆ ಇದನ್ನು ತಿದ್ದಲು ಯಾರು ಹೇಳಿದರು ಎಂದು ಗುಡುಗಿದರು. ಕಿವಿಯಕ್ಕ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಅವಳ ಕೈಯಲ್ಲಿ ಒಂಥರಾ ಬಿಸಿ ಏರಿತು. ಸರಿಯಾಗೇ ಹೇಳ್ತಿದಾರೆ, ಎಲ್ಲರೂ ಸರಿಯಾಗೇ ಹೇಳ್ತಿದಾರೆ ಎಂದುಕೊಂಡಳು.

ಯಾಕೆಂದರೆ ಅಂಥ ತಾಯಿಯೊಬ್ಬಳನ್ನು ಅವಳು ಕಣ್ಣಾರೆ ಕಂಡಿದ್ದಳು. ಮೂವತ್ತೆರಡು ವರ್ಷದ ಹಿಂದೆ, ಅವಳಿಗೆ ಹದಿನಾರಾಗಿದ್ದಾಗ, ಅಣ್ಣನ ಸೈಕಲ್ಲಿಗೆ ಲಾರಿ ಗುದ್ದಿತು. ಅಪ್ಪ ಅದಕ್ಕೂ ಎಷ್ಟೋ ಮೊದಲೇ ತೀರಿಹೋಗಿದ್ದರು. ಸುದ್ದಿ ತಂದವರು ಬಾಗಿಲಲ್ಲಿ ನಿಂತೇ ಇದ್ದರು, ಅಮ್ಮ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಎಂಜಲು ಪಾತ್ರೆ ಮುಗಿದ ಮೇಲೆ ಕಪಾಟಿನಲ್ಲಿದ್ದ ಶುಭ್ರವಾದ ಪಾತ್ರೆಗಳನ್ನೂ ಇಳಿಸಿಕೊಂಡು ತೊಳೆದಳು. ಪಕ್ಕದ ಕೋಣೆಯಲ್ಲಿ ಇವಳು ಚಿಕ್ಕಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕುತ್ತಿದ್ದಳು. ನಿಮ್ಮಮ್ಮನ ಎದೆ ಕಲ್ಲು ಕಣೇ ಎಂದಳು ಚಿಕ್ಕಮ್ಮ. ಅಣ್ಣ ಸತ್ತ ದಿನವೆಂದರೆ ಅವಳಿಗೆ ಇವತ್ತಿಗೂ ನೆನಪಾಗುವುದು ಅಣ್ಣನ ಮುಖವಲ್ಲ, ಧೋ ಎಂದು ಸುರಿಯುತ್ತಿದ್ದ ಆ ನಲ್ಲಿ.

ಆಮೇಲೆ ಅವಳು ಅಮ್ಮನಿಗೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಮದುವೆ ಆಗಲಿಲ್ಲ. ಅದು ಬೇರೆ ಕಥೆ, ದೊಡ್ಡ ಕಥೆಯೂ ಅಲ್ಲ. ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದರು. ಹೊತ್ತಿಗೆ ಸರಿಯಾಗಿ ಮಾತ್ರೆ, ಚಳಿಗೆ ಹೊಸ ಶಾಲು, ತಿಂಗಳಿಗೊಮ್ಮೆ ವೈದ್ಯರ ಬಳಿ. ನೋಡಿದವರು ಮಗಳೆಂದರೆ ಹೀಗಿರಬೇಕು ಅನ್ನುತ್ತಿದ್ದರು. ಆದರೆ ಅಮ್ಮನ ಪಕ್ಕ ಸುಮ್ಮನೆ ಕೂತು ಹರಟಿದ್ದು ಅವಳಿಗೆ ನೆನಪಿರಲಿಲ್ಲ. ಎದೆಯಲ್ಲಿ ಒಂದು ಪ್ರಶ್ನೆ ಇತ್ತು, ಅದನ್ನು ಕೇಳದೆ ಬೇರೆ ಮಾತು ಹೊರಡುತ್ತಿರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ, ಅಮ್ಮ ಹೌದು ಕಲ್ಲೇ ಎಂದುಬಿಟ್ಟರೆ?

ಗುರುವಾರ ಮಧ್ಯಾಹ್ನ ಫೋನು ತಣ್ಣಗಾದಾಗ ತೆಗಳಿಕೆ ನೂರ ಹದಿಮೂರಾಗಿತ್ತು. ಅವಳು ಅತ್ತಿತ್ತ ನೋಡಿ, ಖಾಲಿ ಚೀಟಿಯೊಂದನ್ನು ಎಳೆದುಕೊಂಡು, ತೆಗಳಿಕೆಗೆ ಗುರುತು ಹಾಕಿ ಬರೆದಳು: 'ಪಕ್ಕದ ಕೋಣೆಯಲ್ಲಿ ಇನ್ನೊಂದು ಮಗು ಅಳುತ್ತಿದೆ ಎಂಬ ಪರಿವೆಯಾದರೂ ಬೇಡವೇ ಆ ತಾಯಿಗೆ? ಇಂಥವಳನ್ನು ಯಾರೂ ಕ್ಷಮಿಸುವುದಿಲ್ಲ.' ಕಟ್ಟಿನ ಕೊನೆಗೆ ಸೇರಿಸಿದಳು. ನಿಯಮ ಮುರಿದದ್ದಕ್ಕೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ.

ಇಲ್ಲೇ ಹೇಳಿಬಿಡುವುದು ಒಳ್ಳೆಯದು: ಭಾನುವಾರದ ಮರುಪ್ರಸಾರದಲ್ಲಿ ಆ ದೃಶ್ಯವನ್ನು ಕತ್ತರಿಸಿಯೇ ಹಾಕಿದರು. ತೆಗಳಿಕೆ ನೂರು ದಾಟಿದರೆ ಮೇಲಿನವರಿಗೆ ನಡುಕ ಹುಟ್ಟುತ್ತದೆ. ನಮಗೆ ಬೇಕಾದದ್ದು ಗುರುವಾರ ಸಂಜೆಯ ವಿಷಯ.

ಶುಕ್ರವಾರ ಬೆಳಿಗ್ಗೆ ವರದಿ ಕೊಡಬೇಕಾದ್ದರಿಂದ ಗುರುವಾರ ಅವಳು ಚೀಟಿಗಳ ಕಟ್ಟನ್ನು ಮನೆಗೇ ತರುತ್ತಿದ್ದಳು. ಊಟದ ಮೇಜಿನ ಮೇಲೆ ಹರಡಿಕೊಂಡು ಎಣಿಸುತ್ತಿದ್ದಳು. ಆ ಸಂಜೆ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಮ್ಮ ಎದುರಿನ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದಳು. ಎಪ್ಪತ್ತೆಂಟರ ಜೀವ, ಮಂಗಳವಾರ ಮಾತ್ರ ಆ ಧಾರಾವಾಹಿ ಮುಗಿಯುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಈ ಸಲ ಕಟ್ಟು ಯಾಕೆ ಇಷ್ಟು ದಪ್ಪ ಎಂದು ಕೇಳಿದಳು. ಪಾತ್ರೆ ತೊಳೆದ ತಾಯಿಗೆ ಬೈಗುಳ ಎಂದಳು ಮಗಳು, ತಲೆಯೆತ್ತದೆ.

ಓದು ನೋಡೋಣ, ಎಂದಳು ಅಮ್ಮ.

ಮಗಳು ಓದಿದಳು. ಕಂಡಕ್ಟರನ ಬೆಕ್ಕಿಗೆ ಅಮ್ಮ ನಕ್ಕಳು. ಮೇಷ್ಟ್ರ ಎಂಬತ್ತೆಂಟನೇ ಪುಟಕ್ಕೆ ತಲೆದೂಗಿದಳು. ಓದುತ್ತ ಹೋದ ಹಾಗೆ ಮಗಳ ದನಿ ಗಟ್ಟಿಯಾಯಿತು. ಇಪ್ಪತ್ತು ಮೂವತ್ತು ಚೀಟಿ ಮುಗಿದ ಮೇಲೆ, ಬೇಕೆಂದೇ, ಕೊನೆಯದನ್ನು ತೆಗೆದು ಅದನ್ನೂ ಓದಿದಳು.

ಅಮ್ಮ ಕನ್ನಡಕ ಹಾಕಿಕೊಂಡಳು.

"ಆ ಕಥೇಲಿ ಇನ್ನೊಂದು ಮಗು ಎಲ್ಲಿದೆ?" ಎಂದಳು. "ಅವಳಿಗೆ ಇದ್ದಿದ್ದು ಒಬ್ಬಳೇ ಮಗಳು."

ಕಿವಿಯಕ್ಕ ಚೀಟಿಯನ್ನು ಮತ್ತೊಮ್ಮೆ ಓದಿಕೊಂಡಳು. ಹೌದಲ್ಲ. ನಾಲ್ಕು ಕಂತು ನೋಡಿದ್ದಳು, ನೂರ ಹದಿಮೂರು ಜನರ ಮಾತು ಕೇಳಿದ್ದಳು, ಆದರೂ ಇಲ್ಲದ ಮಗುವೊಂದನ್ನು ಆ ಮನೆಯೊಳಗೆ ತಂದು ಕೂರಿಸಿದ್ದಳು. ಚೀಟಿಯನ್ನು ಮಗುಚಿ ಇಟ್ಟಳು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಮ್ಮ ಬಯ್ಯಲಿಲ್ಲ. ಯಾರು ಬರೆದದ್ದು ಎಂದೂ ಕೇಳಲಿಲ್ಲ. ಮೇಜಿನ ಮೇಲಿದ್ದ ಖಾಲಿ ಚೀಟಿಯನ್ನು ಬೆರಳಿನಿಂದ ಮಗಳ ಕಡೆಗೆ ದೂಡಿದಳು.

"ನಂದೂ ಒಂದು ಬರ್ಕೋ. ನಾನೂ ನೋಡ್ತೀನಲ್ಲ."

ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿಯೇ ಪೆನ್ನು ಹಿಡಿಯಿತು. ಹೊಗಳಿಕೆಯೋ, ತೆಗಳಿಕೆಯೋ ಎಂದು ಕೇಳಿದಳು.

"ಅದೆಲ್ಲ ಗೊತ್ತಿಲ್ಲ. ನಲ್ಲಿ ತೀರಾ ಸಣ್ಣಗೆ ಬಿಟ್ಟಿದ್ಲು ಅಂತ ಬರಿ. ಅಷ್ಟು ಸಣ್ಣ ನೀರಲ್ಲಿ ಆಗಲ್ಲ."

"ಏನಾಗಲ್ಲ?"

"ಅಳೋಕಾಗಲ್ಲ. ಪಕ್ಕದ ಕೋಣೆಗೆ ಕೇಳಿಸಿಬಿಡುತ್ತೆ. ಪೂರ್ತಿ ತಿರುಗಿಸಬೇಕು." ಅಮ್ಮ ಯಾವುದೋ ಕೆಲಸದ ವಿಧಾನ ಹೇಳಿಕೊಡುವ ಹಾಗೆ ಸಮಾಧಾನವಾಗಿ ಹೇಳುತ್ತಿದ್ದಳು. "ನೀನು ಅಲ್ಲೇ ಇದ್ದೆ. ಇನ್ನೂ ಹದಿನಾರು ನಿಂಗೆ. ನಾನೂ ಕುಸಿದುಬಿದ್ದಿದ್ರೆ ನಿನ್ನ ಯಾರು ಹಿಡ್ಕೊಳ್ತಿದ್ರು?"

ಮಗಳು ಪೆನ್ನು ಕೆಳಗಿಟ್ಟು ಕೇಳಿದಳು.

"ತೊಳೆದಿಟ್ಟ ಪಾತ್ರೆನೂ ಯಾಕಮ್ಮ ತೊಳೆದೆ?"

"ಕೊಳೆ ಪಾತ್ರೆ ಮುಗಿದುಹೋಯ್ತು. ಅಳು ಮುಗಿದಿರಲಿಲ್ಲ."

ಕಿವಿಯಕ್ಕ ಎದ್ದಳು. ನೀರು ಕುಡಿಯುತ್ತೇನೆ ಎಂದೋ ಏನೋ ಗೊಣಗಿ ಅಡುಗೆಮನೆಗೆ ಹೋದಳು. ಸಿಂಕಿನ ಮುಂದೆ ನಿಂತು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಧೋ ಎಂದು ಸುರಿಯಿತು, ಅದೇ ಸದ್ದು. ಎರಡೂ ಕೈಯಲ್ಲಿ ಸಿಂಕಿನ ಅಂಚು ಹಿಡಿದು ಬಾಗಿ ನಿಂತಳು. ಅಣ್ಣನಿಗಾಗಿ ಅತ್ತು ಎಂದೋ ಮುಗಿಸಿದ್ದಳು. ಈಗ ಬಂದದ್ದು ಅವನಿಗಾಗಿ ಅಲ್ಲ. ಅವತ್ತು ಗೋಡೆಯ ಆ ಕಡೆ ಒಬ್ಬಳೇ ನಿಂತಿದ್ದ ಹೆಂಗಸಿಗಾಗಿ, ಆಮೇಲೆ ಆಕೆಯನ್ನು ಮೂವತ್ತೆರಡು ವರ್ಷ ಹಾಗೇ ನಿಲ್ಲಿಸಿದ್ದ ತನಗಾಗಿ. ಲೋಕದವರ ಮಾತನ್ನೆಲ್ಲ ಕೇಳಿಸಿಕೊಂಡವಳಿಗೆ ಈ ಒಂದು ಅಳು ಕೇಳಿಸಿರಲಿಲ್ಲ.

ಕುರ್ಚಿ ಸರಿದ ಸದ್ದಾಗಲಿ, ಹೆಜ್ಜೆಯ ಸದ್ದಾಗಲಿ ನೀರಿನಲ್ಲಿ ಗೊತ್ತಾಗಲಿಲ್ಲ. ಸುಕ್ಕುಗಟ್ಟಿದ ಕೈಯೊಂದು ಅವಳ ಭುಜದ ಪಕ್ಕದಿಂದ ಮುಂದೆ ಬಂದು ನಲ್ಲಿಯನ್ನು ನಿಧಾನವಾಗಿ ನಿಲ್ಲಿಸಿತು.

"ಈಗ ಪಕ್ಕದ ಕೋಣೇಲಿ ಯಾರೂ ಇಲ್ಲ," ಎಂದಳು ಅಮ್ಮ.